ಕೊಕ್ಕೆಯ ತುದಿಯ ಮೋಡೆಮ್

“ಟೆರೇಸಿಗೆ ಹತ್ತಬೇಡ ರಶೀನಾ, ರಸ್ತೆಯವರಿಗೆಲ್ಲ ಕಾಣ್ತದೆ,” ಎಂದು ಮೂಸಬ್ಬ ಮೆಟ್ಟಿಲಿಗೆ ಅಡ್ಡ ನಿಂತದ್ದನ್ನು ಮೈಮೂನಮ್ಮ ಅಡುಗೆಮನೆಯ ಬಾಗಿಲಿನಿಂದ ಕಂಡಳು. ಮಗಳ ಕೈಯಲ್ಲಿ ಲ್ಯಾಪ್‌ಟಾಪ್, ಅದರ ಬದಿಯಲ್ಲಿ ಸಿಮ್ ಹಾಕಿದ ಬೆರಳುದ್ದದ ಮೋಡೆಮ್. ನರ್ಸಿಂಗ್ ಕಾಲೇಜಿಗೆ ಅರ್ಜಿ ಕಳುಹಿಸಲು ಐದು ಗಂಟೆಯೇ ಕೊನೆ, ಆಗಲೇ ನಾಲ್ಕೂವರೆ ದಾಟಿತ್ತು. ಮನೆಯೊಳಗೆ ಸಿಗ್ನಲ್ ಸಿಗದೆ ಮೋಡೆಮಿನ ದೀಪ ಕೆಂಪಗೆ ಮಿನುಗುತ್ತಲೇ ಇತ್ತು. ವಿಟ್ಲ ಪೇಟೆಯ ಸೈಬರ್ ಸೆಂಟರಿಗೆ ಹುಡುಗಿ ಒಬ್ಬಳೇ ಹೋಗುವುದು ಬೇಡವೆಂದು ಬೆಳಿಗ್ಗೆ ತಡೆದವನೂ ತನ್ನ ಗಂಡನ ಅಣ್ಣನಾದ ಈ ಮೂಸಬ್ಬನೇ.

“ಅವಳು ಹತ್ತುವುದಿಲ್ಲ ಮೂಸಾಕ,” ಎಂದಳು ಮೈಮೂನಮ್ಮ. “ಮೋಡೆಮ್ ಮಾತ್ರ ಹತ್ತುತ್ತದೆ. ಅದಕ್ಕೂ ತಲೆಗೆ ಬಟ್ಟೆ ಹಾಕ್ಬೇಕಾ?”

ಅವಳು ಹಲಸು ಕೊಯ್ಯುವ ಉದ್ದ ಕೋಲಿನ ಕೊಕ್ಕೆಯನ್ನು ತಂದು, ಅದರ ತುದಿಗೆ ಮೋಡೆಮನ್ನು ಹುರಿಯಿಂದ ಬಿಗಿದಳು. ಉದ್ದನೆಯ ಯುಎಸ್‌ಬಿ ವಯರನ್ನು ಕಿಟಕಿಯಿಂದ ಮಗಳ ಕೈಗೆ ಕೊಟ್ಟಳು. ಗಂಡಸರು ಕೂತಿರುವಾಗ ಒಮ್ಮೆಯೂ ಕಾಲಿಡದ ಮುಂದಿನ ಅಂಗಳಕ್ಕೆ ಇಳಿದು, ಎರಡೂ ಕೈಯಿಂದ ಕೊಕ್ಕೆಯನ್ನು ಆಕಾಶಕ್ಕೆ ಎತ್ತಿ ಹಿಡಿದಳು. ಒಂದು ಹೆಜ್ಜೆ ಎಡಕ್ಕೆ, ಒಂದು ಹಿಂದಕ್ಕೆ. ಕೆಂಪು ಹೋಗಿ ನೀಲಿ ದೀಪ ಹತ್ತಿತು.

“ಉಮ್ಮ, ಕನೆಕ್ಟ್ ಆಯ್ತು! ಫೋಟೋ ಅಪ್‌ಲೋಡ್ ಆಗ್ತಾ ಉಂಟು, ಅಲ್ಲಾಡ್ಬೇಡಿ!” ಎಂದು ರಶೀನಾ ಒಳಗಿನಿಂದ ಕೂಗಿದಳು.

ಅಷ್ಟರಲ್ಲಿ ಮಾಣಿ ಊರಿಗೆ ಹೋಗುವ ಬಸ್ಸು ಬಂದು ಗೇಟಿನ ಎದುರೇ ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು. “ಬಸ್ಸು ಬಂತು ಮೈಮೂನಾ, ಒಳಗೆ ಹೋಗು!” ಎಂದು ಮೂಸಬ್ಬ ಗದರಿದ.

ಮೈಮೂನಮ್ಮ ದೀಪದಿಂದ ಕಣ್ಣು ತೆಗೆಯಲಿಲ್ಲ.

“ಕೇಳಿತಲ್ಲ ಮೂಸಾಕ,” ಎಂದಳು, “ಅಲ್ಲಾಡ್ಲಿಕ್ಕಿಲ್ಲ.”