ಹೊರಡುವ ಮುಂಚಿನ ನಿಮಿಷ

ಕೆಲಸದ ಗೌನಿನ ಜೇಬಿನಲ್ಲಿ ಬೆರಳಿಗೆ ತಗುಲಿದ್ದು ವಾಷರ್ ಎಂದು ರಾಯಿಸಾಗೆ ಮುಟ್ಟಿದ ಕೂಡಲೇ ಗೊತ್ತಾಯಿತು. ಶುಕ್ರಗ್ರಹದ ಮೇಲೆ ಇಳಿಯಲಿರುವ ಗೋಳದ ಪ್ಯಾರಾಚೂಟ್ ಬೀಗಕ್ಕೆ ಅವಳೇ ಹಾಕಬೇಕಾಗಿದ್ದ ವಾಷರ್ ಅದು. ಗೋಳಕ್ಕೆ ಬೆಳಿಗ್ಗೆಯೇ ಮುದ್ರೆ ಬಿದ್ದಿತ್ತು. ಅದನ್ನು ಉಡಾವಣಾ ನೆಲೆಗೆ ಒಯ್ಯಲು ಹೊರಗೆ ರೈಲು ಕಾಯುತ್ತಿತ್ತು.

"ಎಲ್ಲಾ ಒಂದು ನಿಮಿಷ ಕೂತ್ಕೊಳ್ರಪ್ಪಾ," ಎಂದರು ಜೋಡಣಾ ವಿಭಾಗದ ಮುಖ್ಯಸ್ಥ ಗ್ಲೆಬ್ ಅರ್ಕಾದ್ಯೆವಿಚ್. ದೂರ ಹೊರಟವರ ಜೊತೆ ಮನೆಯವರೂ ಸುಮ್ಮನೆ ಕೂತು ಏಳುವುದು ಅವರಲ್ಲಿ ವಾಡಿಕೆ.

"ಹೊರಟಿರೋದು ಗೋಳ ಅಲ್ವಾ? ಅದಕ್ಕೂ ಒಂದು ಸ್ಟೂಲ್ ಹಾಕ್ರೋ," ಎಂದ ಫಿಟ್ಟರ್ ಫೋಮಾ. ನಗು ಎದ್ದು ಅಡಗಿತು.

ರಾಯಿಸಾ ವಾಷರನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಹೇಳಿದರೆ ಗೋಳವನ್ನು ಬಿಚ್ಚಬೇಕು. ಹಾರಿಸುವ ದಿನ ತಪ್ಪಿದರೆ ಇನ್ನು ಹತ್ತೊಂಬತ್ತು ತಿಂಗಳು ಕಾಯಬೇಕು. ಹೋದ ವರ್ಷ ತಪ್ಪೊಪ್ಪಿಕೊಂಡ ಸೆಮ್ಯೋನ್‌ನ ಮೇಜು ಮರುದಿನವೇ ಖಾಲಿಯಾಗಿತ್ತು. ಹೇಳದಿದ್ದರೆ, ಶುಕ್ರನ ಮೇಲೆ ಪ್ಯಾರಾಚೂಟ್ ಕೈಕೊಟ್ಟರೂ ಯಾಕೆಂದು ಯಾರಿಗೂ ಎಂದೂ ಗೊತ್ತಾಗುವುದಿಲ್ಲ.

ನಿಮಿಷ ಮುಗಿದು ಎಲ್ಲರೂ ಎದ್ದರು. ಅವಳೊಬ್ಬಳು ಏಳಲಿಲ್ಲ.

"ಏನಮ್ಮಾ, ಕಾಲು ಜೋಮು ಹಿಡೀತಾ?" ಎಂದ ಫೋಮಾ.

ಅವಳು ಮುಷ್ಟಿ ಬಿಚ್ಚಿದಳು. "ಪ್ಯಾರಾಚೂಟ್ ಬೀಗದ್ದು, ಗ್ಲೆಬ್ ಅರ್ಕಾದ್ಯೆವಿಚ್. ಒಳಗಿರಬೇಕಿತ್ತು."

ಮುಖ್ಯಸ್ಥರು ಕಿಟಕಿಯಾಚೆಯ ರೈಲನ್ನು ನೋಡಿದರು. ಆಮೇಲೆ ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಮತ್ತೆ ಕೂತರು. "ಗೋಳ ಬಿಚ್ರಪ್ಪಾ," ಎಂದರು ಮೆಲ್ಲಗೆ. ಅವಳ ಅಂಗೈಯಿಂದ ವಾಷರ್ ಎತ್ತಿ ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡರು.