ಹಿಂದಿನವರ ಹಾರ್ನ್

ಮೇಲಿಂದ ಮೇಲೆ ಸಿಗ್ನಲ್ ಜಂಪ್ ಮಾಡಿ ಲೈಸೆನ್ಸಿನ ಅಂಕಗಳನ್ನೆಲ್ಲ ಕಳೆದುಕೊಂಡು, ಗಾಡಿ ಓಡಿಸುವಂತಿಲ್ಲದೆ ಮನೆಯಲ್ಲಿದ್ದ ಶಾಲಾ ವ್ಯಾನಿನ ಡ್ರೈವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈ ಆನ್‌ಲೈನ್ ಸುರಕ್ಷತಾ ಕೋರ್ಸ್ ಪಾಸಾದರೆ ಅಂಕಗಳು ವಾಪಸು ಬರುತ್ತವೆ, ನಾಳೆ ಬೆಳಿಗ್ಗೆಯೇ ಮಕ್ಕಳನ್ನು ಹತ್ತಿಸಿಕೊಳ್ಳಬಹುದು.

ಮಗಳು ಮೊಬೈಲಿನಲ್ಲಿ ಪ್ರಶ್ನೆ ಓದಿ ಮುಗಿಸುವ ಮೊದಲೇ ಅವನ ಉತ್ತರ ಬರುತ್ತಿತ್ತು.

"ಇಷ್ಟೆಲ್ಲಾ ಗೊತ್ತಿದ್ದೂ ಸಿಗ್ನಲ್ ಯಾಕಪ್ಪಾ ಜಂಪ್ ಮಾಡ್ತೀಯ?"

"ಹಿಂದಿನೋರು ಹಾರ್ನ್ ಹೊಡೀತಾರೆ, ಸಿಗ್ನಲ್ ಬಿಟ್ಟಿರ್ಬೇಕು ಅಂತ ಹೋಗ್ತೀನಿ. ಮುಂದಿಂದು ಓದು, ಬೇಗ."

"ಮುಗೀತು, ಎಲ್ಲಾ ಸರಿ!" ಮಗಳು ಮೊಬೈಲನ್ನು ಅವನ ಕೈಗಿತ್ತಳು. "ನೀನೇ ಹಸಿರು ಬಟನ್ ಒತ್ತಪ್ಪ. ಕೆಂಪು ಒತ್ತಿದ್ರೆ ಎಲ್ಲಾ ಅಳಿಸಿಹೋಗುತ್ತೆ, ಹುಷಾರು."

ಅವನ ಬೆರಳು ಎರಡು ಬಟನ್‌ಗಳ ನಡುವೆ ಅತ್ತಿತ್ತ ಓಲಾಡಿತು.

"ಹಸಿರು ಅಂದ್ರೆ ಎಡಗಡೇದಾ ಬಲಗಡೇದಾ, ಅದನ್ನ ಹೇಳಮ್ಮ."