ಹರಾಜಿನ ಮನೆಯ ಉಡಿ

“ಚಹಾ ಕೊಟ್ರ ಕುಡೀರಿ, ಅಡ್ಡಿ ಇಲ್ಲ. ಉಡಿ ಮಾತ್ರ ತುಂಬಿಸ್ಕೋಬ್ಯಾಡ್ರಿ,” ಎಂದು ಬ್ಯಾಂಕಿನ ಅಧಿಕಾರಿ ಸಂಕೇತ ಗೇಟಿನ ಹೊರಗೇ ನಿಂತು ದಾಕ್ಷಾಯಿಣಿಗೆ ಎಚ್ಚರಿಕೆ ಕೊಟ್ಟ.

ಮನೆ ಕೊಳ್ಳಲು ಬಂದವಳಿಗೆ ಇದೆಂಥ ಷರತ್ತು ಎಂದು ದಾಕ್ಷಾಯಿಣಿ ಹುಬ್ಬೇರಿಸಿದಳು. ಸಂಕೇತ ಬಿಡಿಸಿ ಹೇಳಿದ. ಸಾಲ ತೀರದೆ ಹರಾಜಿಗೆ ಬಂದ ಈ ಮನೆಯನ್ನು ಮೊದಲೇ ಎರಡು ಕುಟುಂಬದವರು ನೋಡಿ ಹೋಗಿದ್ದರು. ಇಬ್ಬರಿಗೂ ಹಿಡಿಸಿತ್ತು. ಆದರೆ ಹೊರಡುವ ಹೊತ್ತಿಗೆ ಮನೆಯೊಡತಿ ರೇಣವ್ವ ಬಂದ ಹೆಂಗಸರ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸಿದ್ದಳು. ಉಡಿ ತುಂಬಿದ ಮನೆ ತವರುಮನೆ ಇದ್ದಂತೆ, ತವರುಮನೆಯನ್ನು ಯಾರಾದರೂ ಹರಾಜಿನಲ್ಲಿ ಹಿಡಿಯುತ್ತಾರೆಯೇ ಎಂದು ಆ ಹೆಂಗಸರು ಗಂಡಂದಿರ ಬಾಯಿ ಮುಚ್ಚಿಸಿದ್ದರು. ಎರಡೂ ಸಲ ಹರಾಜಿಗೆ ಒಂದು ನರಪಿಳ್ಳೆಯೂ ಬರಲಿಲ್ಲ.

“ಭಾಳ ಹುಷಾರ ಅದಾಳ್ರಿ ಆಕಿ,” ಎಂದ ಸಂಕೇತ.

“ಆದ್ರೂ ಕುಂಕುಮಕ್ಕ ಬ್ಯಾಡ ಅನ್ನಾಕ ಬರ್ತೈತೇನ್ರಿ?” ಎಂದಳು ದಾಕ್ಷಾಯಿಣಿ. ಅವಳ ಗಂಡ ಕಾರಿನಿಂದ ಇಳಿಯಲಿಲ್ಲ. ಹತ್ತಿಯ ದರ ಕೇಳುತ್ತ ಫೋನಿನಲ್ಲಿ ಮುಳುಗಿದ್ದ.

ಸಂಕೇತ ತಿಳಿದಷ್ಟು ಹುಷಾರಿ ರೇಣವ್ವನಲ್ಲಿ ಇರಲಿಲ್ಲ. ಜನಗಣತಿಗೆ ಬಂದ ಟೀಚರಿಗೂ ಉಡಿ ತುಂಬಿ ಕಳಿಸಿದ ಹೆಂಗಸು ಅವಳು. ಗಂಡ ಮುರುಗೆಪ್ಪ ಮನೆ ನೋಡುವವರು ಬರುವ ದಿನ ಎಲ್ಲಾದರೂ ತಪ್ಪಿಸಿಕೊಳ್ಳುತ್ತಿದ್ದ, ಹಾಗಾಗಿ ತೋರಿಸುವ ಕೆಲಸ ಇವಳ ಪಾಲಿಗೆ. ದಾಕ್ಷಾಯಿಣಿಗೆ ನಡುಮನೆಯ ತಂಪು, ಅಡುಗೆಮನೆಯ ಬೆಳಕು ಎಲ್ಲ ತೋರಿಸಿದಳು. ಹಿಂದಿನ ಕೋಣೆ ಮಳೆಗಾಲದಲ್ಲಿ ಸೋರುತ್ತದೆ ಎಂದೂ ಹೇಳಿದಳು. ಸಂಕೇತ ಜೋರಾಗಿ ಕೆಮ್ಮಿದ.

“ಇಷ್ಟ ಛಲೋ ಮನಿ, ಇಷ್ಟ ಸೋವಿ ಯಾಕ್ರಿ?” ದಾಕ್ಷಾಯಿಣಿ ಕೇಳಿದಳು.

“ಸುತ್ತಲಿನ ಕಾರಖಾನಿ ಬಂದ್ ಆದ್ವಲ್ರೀ. ನಮ್ಮನಿಯವ್ರ ಫೌಂಡ್ರಿನೂ ಅದರಾಗ ಹೋತು. ಈಗ ಈ ಓಣ್ಯಾಗ ಬಾಡಿಗಿಗೆ ಬರ್ರಿ ಅಂದ್ರೂ ಯಾರೂ ಬರಂಗಿಲ್ರಿ.”

ಹೊರಡುವಾಗ ರೇಣವ್ವ ತಟ್ಟೆ ಹಿಡಿದು ಬಂದೇಬಿಟ್ಟಳು. ದಾಕ್ಷಾಯಿಣಿಯ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಸಂಕೇತ ಇಬ್ಬರ ನಡುವೆ ಬಂದು ನಿಂತ.

“ಅಕ್ಕಾರ, ಸಾಕ್ ಮಾಡ್ರಿ. ಇದರಿಂದ ಮನಿ ಉಳೀತೈತಿ ಅನ್ಕೊಂಡೀರೇನು?”

“ಮನಿ ಉಳೀಲಿ ಅಂತ ಎಲ್ಲಿ ಮಾಡೇನ್ರಿ ಸಾಹೇಬ್ರ? ಬಂದ ಮುತ್ತೈದಿನ್ನ ಬರೇ ಉಡೀಲೆ ಹೆಂಗ ಕಳಸೂದು?”

“ಮನಿ ಹೋಗಲಿಲ್ಲಂದ್ರ ಪ್ರತಿ ಸಲ ನಾವು ರೇಟ್ ಇಳಸ್ತೇವ್ರಿ. ಇವತ್ತಿನ ರೇಟಿಗೆ ಹೋದ್ರ ಸಾಲ ತೀರತೈತಿ. ಇನ್ನೊಮ್ಮೆ ಇಳಿಸಿದ್ರ ತೀರಂಗಿಲ್ಲ. ಉಳಿದಿದ್ದು ನಿಮ್ಮ ತಲಿ ಮ್ಯಾಲೇ ಇರ್ತೈತಿ. ಮನೀನೂ ಹೋತು, ಸಾಲಾನೂ ಉಳೀತು.”

ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆ ಹೋಗುತ್ತದೆ ಎಂಬುದಕ್ಕೆ ಅವಳು ಎಂದೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹೋದ ಮೇಲೂ ಸಾಲ ಬೆನ್ನು ಹತ್ತುತ್ತದೆ ಎಂದು ಕೇಳಿ ನಿಜಕ್ಕೂ ಹೆದರಿದಳು. ಅಕ್ಕಿ ಹಿಡಿದ ಕೈ ತಟ್ಟೆಯ ಮೇಲೇ ನಿಂತಿತು. ದಾಕ್ಷಾಯಿಣಿ ಸೆರಗನ್ನು ಮುಂದೆಯೂ ಒಡ್ಡಲಾರದೆ, ಹಿಂದೆಯೂ ಸರಿಸಲಾರದೆ ಒದ್ದಾಡಿದಳು.

“ಮನಿ ನಿಮ್ಮ ಮನಸಿಗೆ ಬಂದೈತೇನ್ರಿ?” ರೇಣವ್ವ ಕೇಳಿದಳು.

“ಬಂದೈತ್ರಿ.”

“ಖರೇನ ಹಿಡೀತೀರಿ?”

“ಹಿಡೀತೇನ್ರಿ.”

ರೇಣವ್ವ ಕೈಯಲ್ಲಿದ್ದ ಅಕ್ಕಿಯನ್ನು ಮತ್ತೆ ತಟ್ಟೆಗೆ ಹಾಕಿದಳು. ತಟ್ಟೆಯನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟು, ತಾನು ಹೊಸ್ತಿಲು ದಾಟಿ ಹೊರಗೆ ಹೋಗಿ ನಿಂತಳು. ಎರಡೂ ಕೈಯಿಂದ ಸೆರಗು ಒಡ್ಡಿದಳು.

“ಹಂಗಾರ ಹೊಂಟಾಕಿ ನಾ ಆದ್ನೆಲ್ರೀ. ನನ್ನ ಉಡಿ ನೀವು ತುಂಬ್ರಿ.”

ದಾಕ್ಷಾಯಿಣಿ ಸಂಕೇತನ ಮುಖ ನೋಡಿದಳು. ಬ್ಯಾಂಕಿನ ತರಬೇತಿಯಲ್ಲಿ ಅವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಅವನು ಕಾರಿನ ಕಡೆ ನೋಡಿದ. ದಾಕ್ಷಾಯಿಣಿ ಒಳಗಿನಿಂದಲೇ ಬಾಗಿ ಕುಂಕುಮ ಹಚ್ಚಿದಳು, ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಖಣ ಇಟ್ಟಳು. ಒಂದಿಷ್ಟು ಅಕ್ಕಿ ಹೊಸ್ತಿಲ ಮೇಲೆ ಚೆಲ್ಲಿತು.

ರೇಣವ್ವ ಸೆರಗು ಮಡಚಿ ನಡುವಿಗೆ ಸಿಕ್ಕಿಸಿಕೊಂಡಳು.

“ಪಂಚಮಿಗೆ ಕರಿಯಾಕ ಬರ್ರಿ ಮತ್ತ,” ಎಂದಳು. “ಕರೀಲಾರದ ತವರಿಗೆ ಬರೂದು ಛಲೋ ಕಾಣಂಗಿಲ್ಲ.”